ಮುಳ್ಳಿನ ಪೆಟ್ಟಿಗೆ

ಹುಳದ ಕೋಣೆಗೆ ಹೊಸದಾಗಿ ತರಬೇತಿಗೆ ಬಂದವರಿಗೆ ನಾನು ಮೊದಲು ತೋರಿಸುವುದು ಬಣ್ಣದ ಚಿಟ್ಟೆಗಳನ್ನಲ್ಲ. ಕಿಟಕಿ ಪಕ್ಕದ ಬೀರುವಿನಲ್ಲಿ ಕೆಳಗಿನಿಂದ ಮೂರನೆಯ ಡ್ರಾಯರನ್ನು ಎಳೆಯುತ್ತೇನೆ. ಅದು ಅಂದಿನಂತೆ ಇಂದೂ ಅರ್ಧದಾರಿಯಲ್ಲಿ ಒಮ್ಮೆ ಕಿರುಗುಟ್ಟಿ ನಿಂತು, ಆಮೇಲೆ ಬರುತ್ತದೆ. ಗಾಜಿನ ಮುಚ್ಚಳದ ಕೆಳಗೆ ಹನ್ನೊಂದು ಮುಳ್ಳುಗಳು ಸಾಲಾಗಿ ನಿಂತಿವೆ. ಒಂದೊಂದರ ಬುಡದಲ್ಲಿ ಒಂದೊಂದು ಚೀಟಿ.

"ಹುಳ ಎಲ್ಲಿ, ಮೇಡಂ?" ಎಂದು ಕೇಳದವರು ಇದುವರೆಗೆ ಯಾರೂ ಇಲ್ಲ.

ನಾನು ಈ ಮ್ಯೂಸಿಯಮ್ಮಿಗೆ ಬಂದಾಗ ನನಗೆ ಇಪ್ಪತ್ತೆರಡು. ಆರು ತಿಂಗಳ ತರಬೇತಿ, ಇಬ್ಬರು ಕಲಿಯುವವರು, ಕೊನೆಗೆ ಇರುವುದು ಒಂದೇ ಕೆಲಸ. ಇನ್ನೊಬ್ಬನಿಗೆ ಗೊಣಗಪ್ಪ ಎಂದು ಹೆಸರು ಬಿದ್ದಿತ್ತು. ಬೆಳಕು ಕಮ್ಮಿ ಎನ್ನುವನು, ಕುರ್ಚಿ ಎತ್ತರ ಎನ್ನುವನು, ಕೊನೆಗೆ ಹುಳಕ್ಕೆ ಕಾಲು ಜಾಸ್ತಿ ಎಂದೂ ಗೊಣಗುವನು. ಆದರೆ ಕೈ ಅಚ್ಚುಕಟ್ಟು.

ಕಲಿಸುತ್ತಿದ್ದವರನ್ನು ಎಲ್ಲರೂ ಸೂಜಿ ಮೇಷ್ಟ್ರು ಎನ್ನುತ್ತಿದ್ದರು. ಟೀ ಲೋಟ ಹಿಡಿದರೆ ನಡುಗುತ್ತಿದ್ದ ಅವರ ಬೆರಳು ಸೂಜಿ ಹಿಡಿದರೆ ಕಲ್ಲಿನಂತೆ ನಿಲ್ಲುತ್ತಿತ್ತು. ಒಣಗಿ ಗಟ್ಟಿಯಾದ ಜೀರುಂಡೆಗಳನ್ನು ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು, ಕಾಲು ಮೆತ್ತಗಾಗುವವರೆಗೆ ಕಾಯುವುದೇ ಮೊದಲ ಪಾಠ.

"ಆತುರ ಬೇಡ ಜೋಳದಮ್ಮ. ಕಾಳು ನೆನೆಹಾಕಿದ ಹಾಗೆ ಅಂದ್ಕೋ," ಎನ್ನುತ್ತಿದ್ದರು. ನಮ್ಮ ಮನೆಯವರು ಜೋಳ ಬೆಳೆಯುವವರು ಎಂದು ಮೊದಲ ದಿನವೇ ತಿಳಿದುಕೊಂಡು ಈ ಹೆಸರಿಟ್ಟಿದ್ದರು. "ಸೂಜಿ ಬಲಗಡೆ ರೆಕ್ಕೆಚಿಪ್ಪಿನ ಮೇಲೆ. ನಡುವೆ ಚುಚ್ಚಿದರೆ ಎರಡೂ ಕಡೆ ಕೆಟ್ಟಿತು. ಒಂದು ಕಡೆಯಾದರೂ ಹುಳ ಹುಳದ ಹಾಗೆ ಉಳೀಬೇಕು."

ಸೂಜಿಯ ಕೆಳಗೆ ಚೀಟಿ: ಎಲ್ಲಿ ಸಿಕ್ಕಿತು, ಎಂದು, ಯಾರಿಗೆ. ಚೀಟಿ ಇಲ್ಲದ ಹುಳ ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಊರು ಹೇಳದ ನೆಂಟ ಇದು. ಊಟ ಹಾಕಬಹುದು, ನಂಬಕ್ಕಾಗಲ್ಲ."

ಎಲ್ಲಕ್ಕಿಂತ ಮೇಲಿನ ನಿಯಮ ಬಾಗಿಲ ಬಳಿಯ ಫ್ರೀಜರಿನದು. ಹೊರಗಿನಿಂದ ಬಂದದ್ದು ಯಾವುದೇ ಇರಲಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಎರಡು ವಾರ ಅದರೊಳಗಿಟ್ಟ ಮೇಲೆಯೇ ಬೀರುವಿಗೆ. ಒಣ ಹುಳವನ್ನು ತಿಂದು ಬದುಕುವ ಪುಟ್ಟ ಜೀರುಂಡೆಯೊಂದಿದೆ. ಅದರ ಕೂದಲುಮೈಯ ಮರಿ ಒಳಗಿನಿಂದಲೇ ಕೊರೆದು ಹಾಕುತ್ತದೆ. ಮೇಲೆ ಹುಳ ನಿಂತಂತೆಯೇ ಕಾಣುತ್ತದೆ. ಕೆಳಗೆ ಚಿಟಿಕೆಯಷ್ಟು ಕಂದು ಪುಡಿ ಬಿದ್ದಿದ್ದರೆ ಅದೇ ಗುರುತು.

ನಾಲ್ಕನೆಯ ತಿಂಗಳಲ್ಲಿ ಅಪ್ಪ ನನ್ನನ್ನು ನೋಡಲು ಬಂದರು. ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಪೆಟ್ಟಿಗೆ. ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು. ಚಿಕ್ಕವಳಿದ್ದಾಗ ಹೊಲದ ಬದುವಿನಲ್ಲಿ ನಾನು ಹಿಡಿದು ತಂದ ಹುಳಗಳನ್ನು ಅಪ್ಪ ಬೇಲಿ ಮುಳ್ಳಿಗೆ ಚುಚ್ಚಿ, ಚಪ್ಪಲಿ ಡಬ್ಬಿಯಲ್ಲಿ ನಿಲ್ಲಿಸುತ್ತಿದ್ದರು. ಸುಮ್ಮನೆ ಇರಲಿ ಎಂದು ಬಿತ್ತನೆ ಬೀಜದ ಪೊಟ್ಟಣ ಹರಿದು, ಅದರ ಹಿಂದೆ ಪೆನ್ಸಿಲಿನಲ್ಲಿ ಏನಾದರೂ ಬರೆಯುತ್ತಿದ್ದರು.

ಅಪ್ಪ ಡ್ರಾಯರುಗಳ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಡೆದರು. ಜೋಳ ತಿನ್ನುವ ಒಂದು ಹುಳದ ಮುಂದೆ ನಿಂತು, "ಇವನು! ಇವನನ್ನ ಓಡಿಸೋದರಲ್ಲೇ ನನ್ನ ಅರ್ಧ ಆಯಸ್ಸು ಹೋಯ್ತು. ನೀವು ನೋಡಿದ್ರೆ ಗಾಜಿನ ಮನೆ ಕಟ್ಟಿಸಿ ಕೊಟ್ಟಿದ್ದೀರಲ್ಲ ಸ್ವಾಮೀ!" ಎಂದರು.

"ಬಾಡಿಗೆ ಕೇಳ್ತಿದ್ದೀವಿ, ಕೊಡ್ತಾ ಇಲ್ಲ," ಎಂದರು ಮೇಷ್ಟ್ರು. ಇಬ್ಬರೂ ಹಳೆಯ ಸ್ನೇಹಿತರಂತೆ ನಕ್ಕರು.

ಅಂದು ಮಧ್ಯಾಹ್ನ ಅಪ್ಪನನ್ನು ಬಸ್ಸು ಹತ್ತಿಸಿ ಬಂದು, ಪೆಟ್ಟಿಗೆಯನ್ನು ಕಿಟಕಿ ಪಕ್ಕದ ಬೀರುವಿನ ಖಾಲಿ ಜಾಗದಲ್ಲಿಟ್ಟೆ. ನಿಯಮ ಮರೆತಿರಲಿಲ್ಲ. ಹೊರಗಿನಿಂದ ಬಂದದ್ದು ಎಂದು ತಾನೇ ನಿಯಮ? ನಮ್ಮ ಮನೆಯದು ಹೊರಗಿನದು ಎಂದು ನನಗೆ ಹೊಳೆಯಲೇ ಇಲ್ಲ.

ಆರು ವಾರ ಕಳೆದ ಮೇಲೆ ಒಂದು ಸಂಜೆ, ಅದೇ ಬೀರುವಿನಲ್ಲಿ ಮೇಷ್ಟ್ರು ತಮ್ಮ ಹರೆಯದಲ್ಲಿ ಹಿಡಿದಿದ್ದ ಸಗಣಿ ಹುಳಗಳ ಡ್ರಾಯರು ತೆಗೆದೆ. ಏಳು ಹುಳಗಳ ಕೆಳಗೆ ಪುಡಿ. ನಮ್ಮ ಪೆಟ್ಟಿಗೆ ತೆರೆದೆ. ಅಲ್ಲಿ ಹುಳಗಳೇ ಉಳಿದಿರಲಿಲ್ಲ. ಮುಳ್ಳು, ಚೀಟಿ, ಪುಡಿ, ಪುಡಿಯೊಳಗೆ ಹರಿದಾಡುವ ಮರಿಗಳು.

ಕೆಲಸ ಯಾರಿಗೆಂದು ತೀರ್ಮಾನವಾಗಲು ಒಂದೇ ತಿಂಗಳಿತ್ತು. ಪೆಟ್ಟಿಗೆಯನ್ನು ಚೀಲದಲ್ಲಿ ಬಿಗಿದು ಫ್ರೀಜರಿನ ತಳಕ್ಕೆ ತುರುಕಿದೆ. ಮೆತ್ತನೆಯ ಕುಂಚ ತೆಗೆದುಕೊಂಡು ಮೇಷ್ಟ್ರ ಡ್ರಾಯರಿನ ಪುಡಿಯನ್ನೆಲ್ಲ ಗುಡಿಸಿ ತೆಗೆದೆ. ಏಳು ಹುಳಗಳೂ ಏನೂ ಆಗಿಲ್ಲವೆಂಬಂತೆ ನಿಂತಿದ್ದವು. ಮುಟ್ಟಿದರೆ ಉದುರುವಂಥ ಟೊಳ್ಳು ಚಿಪ್ಪುಗಳು. ಯಾರಿಗೆ ತಾನೇ ತಿಳಿಯುತ್ತದೆ ಎಂದುಕೊಂಡು ನನ್ನ ಬಾಡಿಗೆ ಕೋಣೆಗೆ ಹೋದೆ. ಪುಡಿ ಹೋಯಿತು, ಆದರೆ ಉಳಿದ ಡ್ರಾಯರುಗಳಲ್ಲಿ ಏನು ನಡೆಯುತ್ತಿದೆಯೋ? ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಬೀರುವೇ ಹೋಗುತ್ತದೆ.

ಬೆಳಿಗ್ಗೆ ಮೇಷ್ಟ್ರು ಕೋಟು ತೆಗೆಯುವ ಮೊದಲೇ ಹೋಗಿ ನಿಂತೆ. ಪೆಟ್ಟಿಗೆಯ ಕಥೆ ಹೇಳಿದೆ. ಅವರು ಕೋಟು ತೆಗೆದು ಮೊಳೆಗೆ ತೂಗುಹಾಕಿದರು. ಪುಡಿ ಗುಡಿಸಿದ್ದನ್ನು ಹೇಳಿದಾಗ ಕೂತುಬಿಟ್ಟರು.

"ಪೆಟ್ಟಿಗೆ ಇಟ್ಟಿದ್ದು ಪೆದ್ದುತನ," ಎಂದರು. "ಅದು ಹೋಗಲಿ. ಪುಡಿ ಯಾಕಮ್ಮ ಗುಡಿಸಿದೆ? ಆ ಬಾಯಿಲ್ಲದ ಹುಳ ನನಗೆ ಹೇಳ್ತಿದ್ದ ಒಂದೇ ಮಾತು ಅದು."



ಮೂರು ವಾರ ನಾವು ಮೂವರೂ ಆ ಬೀರುವಿನ ನಲವತ್ತು ಡ್ರಾಯರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿ, ಫ್ರೀಜರಿಗಿಟ್ಟು, ಮಸೂರ ಹಿಡಿದು ನೋಡಿದೆವು. "ನನ್ನ ತಲೆಗೆ ಹುಳ ಬಿಟ್ಟಿದ್ದು ಸಾಲದು ಅಂತ ಬೀರುವಿಗೂ ಬಿಟ್ಟಳು," ಎಂದು ಗೊಣಗಪ್ಪ ಗೊಣಗಿದ. ಆದರೂ ನನ್ನ ಪಾಲಿನ ಭಾರದ ಡ್ರಾಯರುಗಳನ್ನು ಅವನೇ ಎತ್ತಿ ಕೊಡುತ್ತಿದ್ದ. ಹೊಸ ಹಾನಿ ಎರಡೇ ಡ್ರಾಯರುಗಳಲ್ಲಿ ಕಂಡಿತು. ಇನ್ನೊಂದು ತಿಂಗಳು ತಡವಾಗಿದ್ದರೆ, ಎಂದು ಮೇಷ್ಟ್ರು ಶುರುಮಾಡಿ, ಮುಂದಿನ ಡ್ರಾಯರು ಎಳೆದುಕೊಂಡರು.

ಕೊನೆಗೆ ನಮ್ಮ ಪೆಟ್ಟಿಗೆಯ ಸರದಿ. ನಾನು ಕಸದ ಬುಟ್ಟಿ ಎಳೆದುಕೊಂಡೆ.

"ಏಯ್! ಅದೇನು ಮಾಡ್ತೀಯ? ಹುಳ ಹೋದರೆ ಹೋಯ್ತು, ಚೀಟಿ ಬಿಸಾಕೋರುಂಟಾ?" ಎಂದು ಮೇಷ್ಟ್ರು ಕನ್ನಡಕ ಮೇಲೆ ಮಾಡಿಕೊಂಡು ಓದಿದರು. "'ಕೆರೆ ಕೆಳಗಿನ ಹೊಲ, ಜೋಳ ತೆನೆ ಬಿಟ್ಟ ವಾರ. ಮಗಳು ಹಿಡಿದಳು.' ಎಲ್ಲಿ, ಯಾವಾಗ, ಯಾರು. ಮೂರೂ ಇದೆಯಲ್ಲ! ನಾನು ನಿನಗೆ ಐದು ತಿಂಗಳು ಬಡ್ಕೊಂಡಿದ್ದನ್ನ ನಿಮ್ಮಪ್ಪ ಆವತ್ತೇ ಮಾಡಿಟ್ಟಿದ್ದಾರೆ. ವರ್ಷ ಒಂದಿಲ್ಲ. ಫೋನ್ ಮಾಡಿ ಕೇಳು."

ಕೇಳಿದೆ. ಅಪ್ಪ ಒಂದೊಂದು ಚೀಟಿಗೂ ಯೋಚಿಸಿ ಹೇಳಿದರು. "ಅದಾ? ನಿನ್ನ ತಮ್ಮ ಹೊಸಿಲು ಹಿಡ್ಕೊಂಡು ನಿಂತ ವರ್ಷ... ಇರು, ನಿಮ್ಮಮ್ಮನ್ನ ಕೇಳ್ತೀನಿ." ಅತ್ತ ಕಡೆ ಇಬ್ಬರೂ ವಾದ ಮಾಡುವುದು ಕೇಳಿಸುತ್ತಿತ್ತು. ಹಸು ಕರು ಹಾಕಿದ್ದು, ಬಾವಿ ತೋಡಿದ್ದು, ನನ್ನ ಹಲ್ಲು ಬಿದ್ದದ್ದು ಎಲ್ಲ ಲೆಕ್ಕಕ್ಕೆ ಬಂದವು. ಹನ್ನೊಂದು ಚೀಟಿ ಮುಗಿಯುವಷ್ಟರಲ್ಲಿ ನನ್ನ ಬಾಲ್ಯವೆಲ್ಲ ತಾರೀಖು ಸಮೇತ ಆ ಮೇಜಿನ ಮೇಲೆ ಬಂದು ಕೂತಿತ್ತು. ಹುಳಗಳು ಏನಾದವೆಂದು ಮಾತ್ರ ಅಂದು ಅಪ್ಪನಿಗೆ ಹೇಳಲಾಗಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಹೇಳಿದೆ. "ಹುಳ ತಿನ್ನೋ ಹುಳ ಇದೆ ಅಂತ ಮೊದಲೇ ಗೊತ್ತಿದ್ರೆ ಹೊಲಕ್ಕೆ ತಂದು ಬಿಡ್ತಿದ್ನಲ್ಲೇ," ಎಂದರು, ಅಷ್ಟೇ.

ಕೆಲಸ ಗೊಣಗಪ್ಪನಿಗೆ ಸಿಕ್ಕಿತು. ಅದು ನ್ಯಾಯವೇ. ನಾನು ಊರಿಗೆ ಹಿಂತಿರುಗಿ ಎರಡು ಸುಗ್ಗಿ ಕಳೆದೆ. ಮೇಷ್ಟ್ರು ನಿವೃತ್ತರಾಗುವ ವರ್ಷ ಅವರಿಂದ ಒಂದು ಕಾರ್ಡು ಬಂತು: 'ಜಾಗ ಖಾಲಿಯಾಗುತ್ತಿದೆ. ಪುಡಿ ಕಂಡರೆ ಹೇಳುವವರು ಬೇಕು. ಬರುವಾಗ ಕೋಟು, ಚೀಲ ಎಲ್ಲ ಫ್ರೀಜರಿಗೆ.'

ಹಾಗಾಗಿ, ಹುಳ ಎಲ್ಲಿ ಎಂದು ಹುಡುಗ ಹುಡುಗಿಯರು ಕೇಳಿದಾಗ, ಪೆಟ್ಟಿಗೆಯ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಮೇಲಿನ ಡ್ರಾಯರು ತೆಗೆದು ಮೇಷ್ಟ್ರ ಏಳು ಟೊಳ್ಳು ಹುಳಗಳನ್ನು ತೋರಿಸುತ್ತೇನೆ. ಅವುಗಳ ಕೆಳಗಿನ ನೆಲ ಈಗಲೂ ಬೆಳ್ಳಗೆ ಸ್ವಚ್ಛವಾಗಿದೆ.

"ಇಲ್ಲಿ ಪುಡಿ ಇತ್ತು," ಎನ್ನುತ್ತೇನೆ. "ನಾನೇ ಗುಡಿಸಿದೆ."