ಬದುವಿನ ಕಾರೆಸಾಲು

ಬೆಟ್ಟದಪುರದ ಹತ್ತಿರದ ನಮ್ಮೂರಲ್ಲಿ ಕುಳ್ಳಮ್ಮನ ರಾಗಿ ಹೊಲಕ್ಕೂ ಅವಳ ಮೈದುನನ ಮಗ ಲಿಂಗರಾಜುವಿನ ಹೊಗೆಸೊಪ್ಪಿನ ಹೊಲಕ್ಕೂ ನಡುವೆ ಒಂದು ಬದು, ಬದುವಿನ ಉದ್ದಕ್ಕೂ ಕಾರೆಗಿಡ. ಮೈಯೆಲ್ಲ ಮುಳ್ಳು. ಆದರೂ ಅದರ ಹಳದಿ ಹಣ್ಣಿಗೆ ಆಸೆಪಟ್ಟು ಕೈ ಪರಚಿಕೊಳ್ಳದವರು ನಮ್ಮೂರಲ್ಲಿ ಯಾರೂ ಇಲ್ಲ. ಅಣ್ಣತಮ್ಮಂದಿರು ಪಾಲಾದಾಗ ಕಲ್ಲು ನೆಟ್ಟಿರಲಿಲ್ಲ, ಕಾರೆಸಾಲೇ ಗಡಿ ಎಂದು ಒಪ್ಪಿಕೊಂಡಿದ್ದರು.

ತೊಂಬತ್ತೆಂಟರ ಬೇಸಿಗೆಯಲ್ಲಿ ಕುಳ್ಳಮ್ಮ ತಂಗಿಯ ಮನೆ ಮದುವೆಗೆಂದು ಮಿರ್ಲೆಗೆ ಹೋಗಿ ಎಂಟು ದಿನ ನಿಂತಳು. ಬರುವಷ್ಟರಲ್ಲಿ ಲಿಂಗರಾಜು ಕಾರೆಯನ್ನೆಲ್ಲ ಕಡಿದು, ಸುಟ್ಟು, ಬದುವನ್ನೇ ಉತ್ತು, ಅವಳ ಹೊಲದ ನಾಲ್ಕು ಮಾರು ಒಳಗೆ ಹೊಸ ಬದು ಹಾಕಿದ್ದ.

ಪಂಚಾಯ್ತಿ ಸೇರಿತು. "ಬದು ಮೊದ್ಲಿಂದ್ಲೂ ಇಲ್ಲೇ ಇತ್ತು ಕಣ್ ದೊಡ್ಡವ್ವ. ವಯಸ್ಸಾಯ್ತು, ನಿಂಗೆ ಮರ್ತೋಗ್ಯದೆ," ಎಂದ ಲಿಂಗರಾಜು. ನಾನೂ ಅಲ್ಲಿ ಕೂತಿದ್ದೆ. ಸೊಪ್ಪನ್ನು ಬೆಂಕಿಯ ಕಾವಿಗೆ ಒಣಗಿಸುವ ಅವನ ಬ್ಯಾರನ್ನಿನಲ್ಲೇ ನನ್ನ ಹೊಗೆಸೊಪ್ಪನ್ನೂ ಬೇಯಿಸಿಕೊಳ್ಳುತ್ತಿದ್ದವನು, ಬಾಯಿಗೆ ಬೀಗ ಹಾಕಿಕೊಂಡೆ. ಇವತ್ತಿಗೂ ನಾಚಿಕೆಯಾಗುತ್ತದೆ.

ಕುಳ್ಳಮ್ಮ ಅಳಲಿಲ್ಲ. "ನೀವ್ಯಾರೂ ಸಾಕ್ಷಿ ಯೋಳ್ಬ್ಯಾಡಿ ಬುಡಿ. ಮಳೆ ಬರ್ಲಿ. ಅಲ್ಲೀಗಂಟ ಕಾಯ್ತೀನಿ," ಎಂದಳು.

ಮಳೆ ಬಂತು. ಲಿಂಗರಾಜು ಸಸಿ ನಾಟಿ ಮಾಡಿದ. ಹದಿನೈದು ದಿನ ಕಳೆದ ಮೇಲೆ ಕುಳ್ಳಮ್ಮ ಮನೆಮನೆಗೂ ಬಂದು, ನಮ್ಮನ್ನೆಲ್ಲ ರಟ್ಟೆ ಹಿಡಿದೇ ಹೊಲಕ್ಕೆ ಎಳೆದುಕೊಂಡು ಹೋದಳು. ಹೊಗೆಸೊಪ್ಪಿನ ಸಸಿಗಳ ನಡುವೆ, ಈ ತುದಿಯಿಂದ ಆ ತುದಿಗೆ, ಕಾರೆ ಚಿಗುರು ನೆಟ್ಟಗೆ ಸಾಲಾಗಿ ಎದ್ದಿತ್ತು. ಹೊಗೆಸೊಪ್ಪಿನ ಕಡ್ಡಿಯಾದರೆ ಕಡಿದು, ಸುಟ್ಟು, ಉತ್ತರೆ ಮುಗಿಯಿತು. ಕಾರೆಯೂ ಅಷ್ಟೇ ಅಂದುಕೊಂಡಿದ್ದ ಪುಣ್ಯಾತ್ಮ, ಬೇರು ಅಗೆದಿರಲಿಲ್ಲ.

ಲಿಂಗರಾಜು ಗುದ್ದಲಿ ಎತ್ತಿಕೊಂಡ. ಕುಳ್ಳಮ್ಮ ಮೊದಲ ಚಿಗುರಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಳು.

"ಮೊದ್ಲು ನನ್ನ ಅಗ್ದಾಕ್ಲಾ. ಆಮ್ಯಾಕೆ ಇದ್ನ."

ಈ ಸಲ ನಾನು ಬಾಯಿ ಬಿಟ್ಟೆ. "ಗುದ್ಲಿ ಕೆಳಕ್ಕಿಕ್ಕು ಲಿಂಗರಾಜು. ಗಡಿ ಇದೇ ಕಣಪ್ಪ." ಉಳಿದವರೂ ಹೂಂಗುಟ್ಟಿದರು. ಲಿಂಗರಾಜು ಬದುವನ್ನು ಹಳೇ ಸಾಲಿಗೇ ಹಾಕಬೇಕಾಯಿತು. ಆ ವರ್ಷ ನನ್ನ ಸೊಪ್ಪು ಬೇರೆಯವರ ಬ್ಯಾರನ್ನಿಗೆ ಹೋಯಿತು, ಹೋಗಲಿ.

ಮೂರನೇ ವರ್ಷ ಕಾರೆ ಹಣ್ಣು ಬಿಟ್ಟಿತು. ಯಾರೂ ನೋಡುತ್ತಿಲ್ಲವೆಂದುಕೊಂಡು ಲಿಂಗರಾಜು ಒಂದು ಹಣ್ಣು ಬಾಯಿಗೆ ಹಾಕಿಕೊಂಡ. ರಾಗಿ ಹೊಲದ ಒಳಗಿಂದ ಕುಳ್ಳಮ್ಮ ಕೂಗಿದಳು:

"ತಿನ್ಲಾ ಮಗ, ವಟ್ಟೆ ತುಂಬ ತಿನ್ನು. ಬೀಜ ಮಾತ್ರ ಬದುವಿನ ಮ್ಯಾಲೇ ಉಗಿ."