ಗಂಗಮ್ಮ ಬರುವ ಮೆಸೇಜು

1
ಎಲ್ಲಿಂದ ಶುರು ಮಾಡಲಿ? ಹೆಣದಿಂದ ಶುರು ಮಾಡಿದರೆ ನೀವು ಬಿಡದೆ ಓದುತ್ತೀರಿ, ಗೊತ್ತು. ಮೇಘಶ್ರೀ ಬೇಡ ಅನ್ನುತ್ತಾಳೆ. ಈ ಕಥೆಯ ನಾಯಕಿ ಅವಳು. ಚನ್ನಗಿರಿಯ ನಾಲೆ ಆಫೀಸಿನಲ್ಲಿ ಜನರಿಗೆ ವಾಟ್ಸಾಪ್ ಮೆಸೇಜು ಬರೆಯುವ ಕೆಲಸ. (ಆಫೀಸು ನಾನು ಕಥೆಗಾಗಿ ಕಟ್ಟಿದ್ದು, ಹುಡುಕಿಕೊಂಡು ಹೋಗಬೇಡಿ.)

1, ಮತ್ತೊಮ್ಮೆ
ಇಂಜಿನಿಯರ್ ತಿಪ್ಪೇರುದ್ರಸ್ವಾಮಿ ಪ್ರತಿವರ್ಷ ಒಂದೇ ಪ್ರಕಟಣೆ ಕೊಡುತ್ತಿದ್ದರು: 'ನಾಳೆ ಬೆಳಿಗ್ಗೆ ನಾಲೆಗೆ ನೀರು ಬಿಡಲಾಗುವುದು. ಯಾರೂ ಇಳಿಯತಕ್ಕದ್ದಲ್ಲ.' ನಾಯಿಯೂ ಮೂಸುತ್ತಿರಲಿಲ್ಲ.

"ಮೇಡಂ, ನಂದು ಬರೀ ಟೆಕ್ನಿಕಲ್ಲು. ನೀವು ಸ್ವಲ್ಪ ಕ್ರಿಯೇಟಿವ್ ಆಗಿ ಬರೀರಿ. ಜನ ಓದಬೇಕು ನೋಡ್ರಿ," ಅಂದರು.

ಮೇಘಶ್ರೀ ಜಗಳೂರಿನವಳು, ನಾಲೆ ನೀರು ಕಂಡು ಬೆಳೆದವಳಲ್ಲ. ಬರೆದಳು: 'ಗಂಗಮ್ಮ ತಾಯಿ ನಾಳೆ ಬೆಳಿಗ್ಗೆ ನಿಮ್ಮೂರಿಗೆ ಬರುತ್ತಿದ್ದಾಳೆ. ಒಣಗಿದ ನಾಲೆ ಅವಳ ಹೆಜ್ಜೆಗೆ ಕಾದಿದೆ...' ಹೀಗೇ ಉದ್ದಕ್ಕೆ. ಇಳಿಯಬೇಡಿ ಅನ್ನುವ ಸಾಲೂ ಇತ್ತು, ಕಟ್ಟಕಡೆಗೆ. (ಓದಿ ನನಗೂ ಹೊಟ್ಟೆಕಿಚ್ಚಾಯಿತು.) ಹೊನ್ನಾಳಿ, ನ್ಯಾಮತಿವರೆಗೂ ಗ್ರೂಪಿನಿಂದ ಗ್ರೂಪಿಗೆ ಹಾರಿತು.

2
ಗಂಗಮ್ಮ ಬರುತ್ತಾಳೆ ಅಂದರೆ ನಮ್ಮ ಕಡೆ ಹೆಂಗಸರು ಮನೆಯಲ್ಲಿ ಕೂರುವುದಿಲ್ಲ, ಎದುರುಗೊಳ್ಳಲು ಹೋಗುತ್ತಾರೆ. ಕೆರೆಬಿಳಚಿಯ ಕೊಟ್ರಮ್ಮ ಮೊರದಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ ಇಟ್ಟುಕೊಂಡು ಒಣ ನಾಲೆಗೆ ಇಳಿದಳು. ಮೊದಲ ನೀರಿಗೇ ಬಾಗಿನ ಕೊಡುವ ಆಸೆ. ನೀರು ಪಾದಕ್ಕೆ ನಿಲ್ಲಲಿಲ್ಲ. ಒಣಗಿದ ಪಾಚಿ ನೆನೆದು ಜಾರುವ ಇಳಿಜಾರು, ಹತ್ತಿ ಬರಲಾಗಲಿಲ್ಲ.

3
ಈಗ ಬೇರೆ ಬೇರೆ ಅಂತ್ಯ ಇಡಬೇಕು. ಈ ಜಾತಿಯ ಕಥೆಗೆ ಅದೇ ಮರ್ಯಾದೆ.

ಅಂತ್ಯ ಅ: ದಾರಿಯಲ್ಲಿ ಕೊಟ್ರಮ್ಮನ ಚಪ್ಪಲಿ ಕಿತ್ತುಹೋಗಿ ತಡವಾಯಿತು, ಬದುಕಿದಳು.

"ಕಿತ್ತುಹೋಗಿರಲಿಲ್ಲ ಸಾರ್. ಸುಳ್ಳು ಬರೀಬ್ಯಾಡ್ರಿ," ಅಂದಳು ಮೇಘಶ್ರೀ.

ಅಂತ್ಯ ಆ: ನೀರ ಮೇಲೆ ಹಸಿರು ಬಳೆಗಳು ಸಾಲಾಗಿ ತೇಲುತ್ತಾ...

"ಗಾಜಿನ ಬಳೆ ತೇಲಲ್ಲ, ಮುಳುಗ್ತವೆ. ನೀವೂ ನನ್ನಂಗೇ ಚಂದ ಮಾಡಾಕೆ ಹೊಂಟೀರಿ."

ಕಪಾಳಕ್ಕೆ ಹೊಡೆದ ಹಾಗಾಯಿತು. ಅಳಿಸಿದೆ.

5 (ನಾಲ್ಕನ್ನು ಹರಿದು ಹಾಕಿದೆ, ಅದೂ ಚಂದವಿತ್ತು)
ತಿಥಿಕಾರ್ಯ ಮುಗಿದ ಮೇಲೆ ಕೊಟ್ರಮ್ಮನ ಸೊಸೆ ಮಮತಾ ಆಫೀಸಿಗೆ ಬಂದಳು. ಮೇಘಶ್ರೀ ಬೈಗುಳಕ್ಕೆ ತಯಾರಾಗಿ ಎದ್ದು ನಿಂತಳು. ಬೈಸಿಕೊಂಡರೆ ಹಗುರಾಗುತ್ತೇನೆ ಅಂದುಕೊಂಡಿದ್ದಳು, ಪಾಪ.

"ಅದು ನೀವು ಬರೆದಿದ್ದೇನ್ರಿ ಅಕ್ಕಾ?"

"ಹೂಂ ರೀ. ಕೊನೆಗೆ ಇಳೀಬ್ಯಾಡ್ರಿ ಅಂತಾನೂ ಬರೆದಿದ್ದೆ."

"ಗೊತ್ತಾತು, ಆಮೇಲೆ ನೋಡಿದೆ. ನಮ್ಮತ್ತೆಗೆ ಓದಾಕೆ ಬರ್ತಿರಲಿಲ್ಲ. ಓದಿ ಹೇಳಿದ್ದು ನಾನು. ರೀಡ್ ಮೋರ್ ಅಂತ ಇತ್ತು, ಒತ್ತಲಿಲ್ಲ. ಮೇಲಿಂದೇ ಅಷ್ಟು ಚಂದ ಐತಲ್ಲ, ಸಾಕು ಅನ್ಕೊಂಡೆ. ಮನೇಲಿ ಯಾರಿಗೂ ಹೇಳಿಲ್ಲ ಅಕ್ಕಾ. ತಪ್ಪು ನಂದೇನ್ರಿ?"

ಮೇಘಶ್ರೀ ನನ್ನ ಕಡೆ ನೋಡುತ್ತಾಳೆ. ಮಮತಾಗೆ ನಿನ್ನದಲ್ಲ ಅಂತ ಬರೆದರೆ ತಪ್ಪು ಮೇಘಶ್ರೀ ತಲೆಗೆ ಬರುತ್ತದೆ. ಇಬ್ಬರದೂ ಅಲ್ಲ ಅಂದರೆ ಕೊಟ್ರಮ್ಮ ಸುಮ್ಮನೆ ಸತ್ತ ಹಾಗಾಯಿತು. ನನಗೆ ಸಿಟ್ಟು ಬರುತ್ತಿದೆ, ಯಾರ ಮೇಲೆ ಅಂತ ಗೊತ್ತಿಲ್ಲ. ನಾನಂತೂ ಉತ್ತರ ಬರೆಯುವುದಿಲ್ಲ.

ಮಮತಾ ಇನ್ನೂ ಟೇಬಲ್ ಮುಂದೆ ನಿಂತೇ ಇದ್ದಾಳೆ. ನಿಮ್ಮ ಹತ್ತಿರ ಮಾತಿದ್ದರೆ ನೀವೇ ಹೇಳಿ.