ಮಾರಮ್ಮನ ಬೆನ್ನ ಹಿಂದಿನ ಫ್ಲ್ಯಾಶ್

ಹುಣಸೂರಿನಲ್ಲಿ ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿ, ಮೊಬೈಲು ಬಂದ ಮೇಲೆ ಬಾಗಿಲು ಹಾಕಿದ ವಿರೂಪಾಕ್ಷನಿಗೆ ಹಳೆಯ ಫ್ಲ್ಯಾಶ್ ಗನ್ನುಗಳ ಹುಚ್ಚು. ಮನೆಯಲ್ಲಿ ಮೂವತ್ತೊಂದು ಇದ್ದವು. ಅದರಲ್ಲಿ ಒಂದು ಮಾತ್ರ ಬರೀ ಹಿಡಿ. ಬಲ್ಬಿನ ಹಿಂದೆ ನವಿಲಿನಂತೆ ಬಿಚ್ಚಿಕೊಳ್ಳುವ ತಗಡಿನ ಬೀಸಣಿಗೆ ಅದಕ್ಕಿರಲಿಲ್ಲ. ಅದನ್ನು ಹುಡುಕಿಕೊಂಡು ಹದಿನಾಲ್ಕು ವರ್ಷ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ಗುಜರಿ ಅಂಗಡಿಗಳ ಧೂಳು ಕುಡಿದಿದ್ದ. ಸಿಕ್ಕಿದ್ದು ಕೆಮ್ಮು.

ಕೊನೆಗೆ ಬೀಸಣಿಗೆ ಕಂಡದ್ದು ಗಾವಡಗೆರೆ ಕಡೆಯ ಹಳ್ಳಿಯೊಂದರ ಗುಡಿಯಲ್ಲಿ, ಮಾರಮ್ಮನ ಬೆನ್ನ ಹಿಂದೆ. ಯಾವುದೋ ಕಾಲದ ಮದುವೆಯಲ್ಲಿ ಫೋಟೋದವನು ಮರೆತು ಹೋದದ್ದನ್ನು ಪೂಜಾರಿ ಸಣ್ಣಬೀರಯ್ಯನ ಅಪ್ಪ ಮಾರಮ್ಮನಿಗೆ ಪ್ರಭಾವಳಿ ಮಾಡಿಬಿಟ್ಟಿದ್ದ.

“ನಂದೇನೈತೆ ಬುಡಿ ಸಾರ್, ಅದು ಅಮ್ಮುಂದು. ಅವ್ಳನ್ನೇ ಕೇಳಿ. ಬಲಗಡೆ ಹೂ ಕೊಟ್ರೆ ತಕಂಡೋಗಿ, ಎಡಗಡೆ ಕೊಟ್ರೆ ಬಸ್ ಹತ್ತಿ,” ಎಂದ ಸಣ್ಣಬೀರಯ್ಯ, ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತ.

ವಿರೂಪಾಕ್ಷ ದೇವರನ್ನು ನಂಬಿದವನಲ್ಲ. ಆದರೂ ಕೈ ಮುಗಿದ. ಬದಲಿಗೆ ಬೆಳ್ಳಿ ಪ್ರಭಾವಳಿ ಮಾಡಿಸುತ್ತೇನೆಂದ. ಹೂ ಅಲ್ಲಾಡಲಿಲ್ಲ. ಊರಿಗೆಲ್ಲ ಊಟ ಹಾಕಿಸುತ್ತೇನೆಂದ. ಇಲ್ಲ.

“ಸುಮ್ನವ್ಳೆ ಅಂದ್ರೆ ಸಾಲ್ದು ಅಂತ,” ಎಂದ ಪೂಜಾರಿ.

ಒಂದು ಗಂಟೆ ಕಳೆಯಿತು. ಎಡಗಡೆಯ ಹೂ ರಾಗಿಕಾಳಿನಷ್ಟು ಜಾರಿತು. ವಿರೂಪಾಕ್ಷನ ಜೀವ ಬಾಯಿಗೆ ಬಂತು.

“ತಾಯೀ, ಮನೇಲಿರೋ ಮೂವತ್ತೊಂದೂ ನಿಂಗೇ. ಇದೊಂದು ಕೊಡು.”

ಬಲಗಡೆಯ ಹೂ ಪಟ್ಟನೆ ಬಿತ್ತು.

ಸಣ್ಣಬೀರಯ್ಯ ಬೀಸಣಿಗೆಯ ಕುಂಕುಮ ಒರೆಸಿ ಕೈಗಿಟ್ಟ. ವಿರೂಪಾಕ್ಷ ಅದರ ಎಲೆಗಳನ್ನು ಒಂದೊಂದಾಗಿ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಕಣ್ಣು ತುಂಬಿತು. ಆಮೇಲೆ ಮುಖ ಬಿಳಿಚಿಕೊಂಡಿತು.

“ಮೂವತ್ತೊಂದು ಅಂದ್ನಾ?”

“ಅಂದ್ರಿ. ಬಾಗ್ಲತ್ರ ಕುಂತಿರೋ ರಾಮಮ್ಮನೂ ಕೇಳುಸ್ಕೊಂಡವ್ಳೆ.”

“ಮೂವತ್ತು ಅಂತ ಇಟ್ಕೊಳ್ಳಿ. ಒಂದು ಬರೀ ಹಿಡಿ ಕಣ್ರೀ. ಅದಿಲ್ದಿದ್ರೆ ಇದನ್ನ ಯಾವುದಕ್ಕೆ ಕೂರಿಸ್ಲಿ?”

“ಅಮ್ಮನ ಮುಂದೆ ಹೇಳಿದ್ನ ನಾನೆಂಗೆ ಕಮ್ಮಿ ಮಾಡ್ಲಿ ಸಾರ್? ಮಂಗ್ಳವಾರ ತನ್ನಿ. ಮಡಗಕ್ಕೆ ಗೂಡು ಖಾಲಿ ಮಾಡುಸ್ತೀನಿ.”

ವಿರೂಪಾಕ್ಷ ಮತ್ತೆ ಕೈ ಮುಗಿದ. “ಆ ಹಿಡಿ ಒಂದಕ್ಕೆ ಇನ್ನೊಂದ್ಸಲ ಹೂ ಕೇಳ್ಲಾ?”

“ಕೇಳ್ಬೌದು,” ಎಂದು ಸಣ್ಣಬೀರಯ್ಯ ಹೂವನ್ನು ನೀರಿಗೆ ಅದ್ದಿದ. “ಬದ್ಲಿಗೆ ಏನ್ ಕೊಡ್ತೀರಿ?”

ವಿರೂಪಾಕ್ಷ ಕೈಯಲ್ಲಿದ್ದ ಬೀಸಣಿಗೆಯನ್ನು ನೋಡಿದ. ಅವನದೆಂದು ಉಳಿದಿದ್ದುದು ಅದೊಂದೇ.